ಅನಗೋಳದ ಮನೆಯಲ್ಲಿ ಅಮೆರಿಕದ ಹಾವಿನ ಮರಿಗಳು

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಹಾವು ಸಾಕಿದ್ದೇವೆ ಅಂದ ಕೂಡಲೇ ನಮ್ಮ ಬೆಳಗಾವಿ ಕಡೆ ಜನ ಕೇಳುವ ಮೊದಲ ಪ್ರಶ್ನೆ, "ಕಡಿಯಂಗಿಲ್ಲೇನ್ರೀ?" ಎರಡನೆಯದು, "ಹಾಲು ಎಷ್ಟು ಕುಡೀತೈತ್ರೀ?" ಎರಡಕ್ಕೂ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ಕಡಿಯುತ್ತದೆ, ಆದರೆ ವಿಷವಿಲ್ಲ. ಹಾಲು ಅದರ ಆಹಾರವಲ್ಲ. ನೀರು ಕುಡಿಯುತ್ತದೆ, ಇಲಿ ತಿನ್ನುತ್ತದೆ. ಇನ್ನೊಂದು ಪ್ರಶ್ನೆ ಉಂಟು, ಅದನ್ನು ಯಾರೂ ಕೇಳುವುದಿಲ್ಲ. ಈ ಹಾವು ಮರಿ ಮಾಡಿದರೆ ಅಷ್ಟನ್ನೂ ಏನು ಮಾಡುತ್ತೀರಿ? ನಮ್ಮ ಮನೆಗೆ ಆ ಪ್ರಶ್ನೆ ಶ್ರಾವಣದಲ್ಲಿ ಬಂತು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಹಾವು ತಂದವನು ಮಾತ್ರ ನಾನಲ್ಲ, ನನ್ನ ಮಗ. ಪುಣೆಯಲ್ಲಿ ಓದುವಾಗ ಅಲ್ಲಿ ಸಾಕಿ ಬೆಳೆಸುವವರೊಬ್ಬರಿಂದ ಕಾರ್ನ್ ಸ್ನೇಕ್ ಎಂಬ ಜಾತಿಯ ಎರಡು ಮರಿಗಳನ್ನು ರಸೀದಿ ಸಮೇತ ತಂದ. ಆಮೇಲೆ ನೌಕರಿ ಸಿಕ್ಕಿತು, ಬೆಂಗಳೂರಿಗೆ ಹೋದ. ಹಾವುಗಳು ಅನಗೋಳದ ಮನೆಯ ಮಾಳಿಗೆ ಕೋಣೆಯಲ್ಲಿ ನನ್ನ ಪಾಲಿಗೆ ಉಳಿದವು. ಮಕ್ಕಳು ಬಿಟ್ಟುಹೋದ ಗಿಟಾರು, ಸೈಕಲ್ಲುಗಳನ್ನು ಅವ್ವಂದಿರು ಒರೆಸಿ ಇಡುತ್ತಾರೆ. ನನಗೆ ಬಂದದ್ದು ಇದು.

ಅಮೆರಿಕದ ಆಗ್ನೇಯ ಭಾಗ, ಅಂದರೆ ಫ್ಲೋರಿಡಾ, ಜಾರ್ಜಿಯಾ, ಕೆರೊಲಿನಾ ಕಡೆಯ ಹಾವು ಇದು. ಅಲ್ಲಿ ಮೆಕ್ಕೆಜೋಳ ತುಂಬಿಡುವ ಕಣಜಗಳ ಸುತ್ತ ಇಲಿಗಳಿಗಾಗಿ ಓಡಾಡಿಕೊಂಡಿರುತ್ತದೆ. ನಮ್ಮ ಕಬ್ಬಿನ ಗದ್ದೆಯಲ್ಲಿ, ಕಣದ ಬಣವೆಯಲ್ಲಿ ಕೇರೆ ಹಾವು ಮಾಡುವ ಕೆಲಸವನ್ನೇ ಅದು ಅಲ್ಲಿ ಮಾಡುತ್ತದೆ. ಮೂರರಿಂದ ಐದು ಅಡಿ ಉದ್ದ. ಕೇಸರಿ ಅಥವಾ ಕಂದು ಮೈ, ಅದರ ಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆಗಳು, ಹೊಟ್ಟೆಯ ಕಡೆ ಕಪ್ಪು ಬಿಳಿ ಚೌಕಳಿ. ಬೇಟೆಯನ್ನು ಸುತ್ತಿ ಹಿಸುಕಿ ಕೊಲ್ಲುತ್ತದೆ. 1766ರಲ್ಲಿ ಸ್ವೀಡನ್ನಿನ ಜೀವಶಾಸ್ತ್ರಜ್ಞ ಲಿನೇಯಸ್ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಇದನ್ನು ಕೇಳಿ ಯಾರಾದರೂ ಹಿತ್ತಲಿಗೆ ಬಂದ ಕೇರೆ ಹಾವನ್ನೋ ನಾಗರ ಹಾವನ್ನೋ ಹಿಡಿದು ಡಬ್ಬಿಯಲ್ಲಿ ಇಟ್ಟೀರಿ, ಅದು ಅಪರಾಧ. ನಮ್ಮ ದೇಶದ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹೊರದೇಶದ ಪ್ರಾಣಿಗಳ ವಿಷಯದಲ್ಲೂ 2022ರ ತಿದ್ದುಪಡಿಯ ನಂತರ ಹಲವು ಜಾತಿಗಳಿಗೆ ನೋಂದಣಿ ಬೇಕಾಗಿದೆ. ತರುವ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳಿಕೊಂಡು ಬನ್ನಿ.

ಮನೆಯೊಳಗಿನ ಕಾಯ್ದೆ ಇದಕ್ಕಿಂತ ಬಿಗಿಯಾಗಿತ್ತು. ನಮ್ಮದು ಉಳ್ಳಾಗಡ್ಡಿಯ ಆಚೆಗೆ ದಾಟದ ಅಡುಗೆಮನೆ. ಈ ಹಾವಿಗೆ ಬೇಕಾದದ್ದು ಇಡೀ ಇಲಿ, ಅದೂ ಹೆಪ್ಪುಗಟ್ಟಿಸಿ ಇಟ್ಟು ಬೇಕಾದಾಗ ಬಿಸಿನೀರಲ್ಲಿ ಕರಗಿಸಿ ಕೊಡುವಂಥದ್ದು. ನಮ್ಮ ಅತ್ತೆಯವರು ಒಂದೇ ಮಾತು ಹೇಳಿದರು, "ಹಾವು ಇರ್ಲಿ, ಅದು ದೇವರು. ಇಲಿ ನನ್ನ ಫ್ರಿಜ್ಜಿನ್ಯಾಗ ಬ್ಯಾಡ." ಹೀಗಾಗಿ ಮಾಳಿಗೆಗೆ ಹಳೆಯದೊಂದು ಸಣ್ಣ ಫ್ರಿಜ್ಜು ಏರಿತು. ಜೀವಂತ ಇಲಿ ಬಿಟ್ಟು ತಮಾಷೆ ನೋಡುವವರಿದ್ದಾರೆ. ನನಗೆ ಅದು ಸೇರದು. ಇಲಿಗೂ ಹಿಂಸೆ, ಇಲಿ ಕಚ್ಚಿದರೆ ಹಾವಿಗೂ ಗಾಯ.

ಮರಿ ಮಾಡಿಸಬೇಕೆಂಬ ಹುಕಿ ಮಗನದೇ. ಸಾಕುವವರಲ್ಲಿ ಒಂದು ಲೆಕ್ಕವಿದೆ: ಹೆಣ್ಣಿಗೆ ಮೂರು ವರ್ಷ ತುಂಬಿರಬೇಕು, ಮೂರು ಅಡಿ ಉದ್ದ ಇರಬೇಕು, ಮುನ್ನೂರು ಗ್ರಾಂ ತೂಗಬೇಕು. ಅದಕ್ಕಿಂತ ಎಳೆಯದಾದರೆ ತತ್ತಿ ಒಳಗೇ ಸಿಕ್ಕಿಕೊಂಡು ತಾಯಿ ಸಾಯುವ ಅಪಾಯ ಹೆಚ್ಚು. ನಮ್ಮ ಹೆಣ್ಣು ನಾಲ್ಕು ದಾಟಿತ್ತು.

ಅವುಗಳ ನಾಡಿನಲ್ಲಿ ಚಳಿಗಾಲ ಬಂದರೆ ಹಾವುಗಳು ಬಿಲ ಸೇರಿ ಮಂಕಾಗಿ ಬಿದ್ದಿರುತ್ತವೆ. ಆ ಚಳಿ ಕಳೆದು ಮೈ ಬಿಸಿಯಾದಾಗಲೇ ಕೂಡುವ ಬಯಕೆ ಏಳುವುದು. ಸಾಕುವವರು ಅದಕ್ಕಾಗಿ ಎರಡು ಮೂರು ತಿಂಗಳು ತಂಪು ಕೊಡುತ್ತಾರೆ. ಈ ವಿಷಯದಲ್ಲಿ ಬೆಳಗಾವಿಯವರು ಪುಣ್ಯವಂತರು. ಎರಡೂವರೆ ಸಾವಿರ ಅಡಿ ಎತ್ತರದ ಊರು, ಮಾರ್ಗಶಿರದ ರಾತ್ರಿ ಹದಿನಾಲ್ಕು ಹದಿನೈದು ಡಿಗ್ರಿಗೆ ಇಳಿಯುತ್ತದೆ. ಬಡಗಣ ಕಿಟಕಿಯ ಬದಿ ಪೆಟ್ಟಿಗೆ ಇಟ್ಟರೆ ಮುಗಿಯಿತು. ಒಂದೇ ಎಚ್ಚರ: ತಂಪಿಗೆ ಇಡುವ ಎರಡು ವಾರ ಮೊದಲೇ ಊಟ ನಿಲ್ಲಿಸಬೇಕು. ಮೈ ತಂಪಾದ ಹಾವಿಗೆ ಅರಗುವುದಿಲ್ಲ, ಹೊಟ್ಟೆಯಲ್ಲಿದ್ದದ್ದು ಅಲ್ಲೇ ಕೊಳೆಯುತ್ತದೆ. ನೀರು ಮಾತ್ರ ಸದಾ ಇರಬೇಕು.

ಯುಗಾದಿಯ ಹೊತ್ತಿಗೆ ಎರಡನ್ನೂ ಒಂದೇ ಪೆಟ್ಟಿಗೆಗೆ ಬಿಟ್ಟೆವು. ಮುಂದಿನದನ್ನು ಬಾನುಲಿಯಲ್ಲಿ ವಿವರಿಸುವ ಅಗತ್ಯವಿಲ್ಲ.

ಮೇ ತಿಂಗಳಲ್ಲಿ ಹೆಣ್ಣು ಊಟ ಬಿಟ್ಟಳು. ಕಣ್ಣು ನೀಲಿಗಟ್ಟಿ ಪೊರೆ ಬಿಟ್ಟಳು. ತತ್ತಿ ಇಡುವ ಮೊದಲಿನ ಪೊರೆ ಅದು. ಅಲ್ಲಿಂದ ಒಂದೆರಡು ವಾರದೊಳಗೆ ಇಡುತ್ತದೆ. ಮುಚ್ಚಳಕ್ಕೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಗೆ ಹಸಿ ತೆಂಗಿನ ನಾರಿನ ಪುಡಿ ತುಂಬಿ ಇಟ್ಟಿದ್ದೆ. ಒಂದು ಬೆಳಗಿನ ಜಾವ ಒಳಹೊಕ್ಕವಳು ಮಧ್ಯಾಹ್ನದ ನಂತರ ಹೊರಬಂದಾಗ ಮೈ ಜೋತುಬಿದ್ದಿತ್ತು. ಒಳಗೆ ಹದಿನಾರು ತತ್ತಿ. ಉದ್ದುದ್ದ, ಬೆಳ್ಳಗೆ, ಕೋಳಿ ತತ್ತಿಯ ಗಡಸು ಚಿಪ್ಪು ಇಲ್ಲ, ಮುಟ್ಟಿದರೆ ಮೆತ್ತಗಿನ ತೊಗಲು. ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿದ್ದವು. ಎರಡು ಮಾತ್ರ ಸಣ್ಣವು, ಹಳದಿ, ಗಟ್ಟಿ. ಅವು ಜಳ್ಳು.

ತಾಯಿ ತಿರುಗಿ ಸಹ ನೋಡಲಿಲ್ಲ. ಹೆಬ್ಬಾವು ತತ್ತಿಯನ್ನು ಸುತ್ತಿ ಕೂತು, ಮೈ ನಡುಗಿಸಿ ಕಾವು ಕೊಡುತ್ತದೆ. ಕಾಳಿಂಗ ಎಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಕಾಯುತ್ತದೆ. ಕೊಳಕುಮಂಡಲವಂತೂ ಮರಿಗಳನ್ನೇ ಹೆರುತ್ತದೆ. ಕಾರ್ನ್ ಸ್ನೇಕಿಗೆ ಇದಾವುದೂ ಇಲ್ಲ. ಇಟ್ಟಿತು, ಹೋಯಿತು. ಅತ್ತೆಯವರಿಗೆ ಇದು ತೀರಾ ಕೆಟ್ಟದೆನಿಸಿತು. ನನಗೆ ಹಾಗೆ ಅನಿಸಲಿಲ್ಲ. ಹಸಿದು ಬತ್ತಿದ ಹೆಣ್ಣು ತನ್ನ ಜೀವ ನೋಡಿಕೊಳ್ಳುವುದರಲ್ಲಿ ತಪ್ಪೇನು? ಆ ವಾರವೇ ಎರಡು ಸಣ್ಣ ಇಲಿ ತಿಂದಳು.

ಹಾವಿನ ತತ್ತಿಯ ಮೊದಲ ನಿಯಮ, ಹೊರಳಿಸಬಾರದು. ಕೋಳಿ ತತ್ತಿಯನ್ನು ದಿನವೂ ಹೊರಳಿಸಬೇಕು, ಇದಕ್ಕೆ ತದ್ವಿರುದ್ಧ. ಒಳಗಿನ ಭ್ರೂಣ ಮೇಲುಗಡೆ ಅಂಟಿ ನಿಂತಿರುತ್ತದೆ, ಮಗುಚಿದರೆ ಸಾಯಬಹುದು. ಪೆನ್ಸಿಲ್ಲಿನಿಂದ ಪ್ರತಿಯೊಂದರ ನೆತ್ತಿಗೆ ಗುರುತು ಹಾಕಿ, ಗೊಂಚಲನ್ನು ಬಿಡಿಸದೆ, ನರ್ಸರಿಯಲ್ಲಿ ಸಿಗುವ ವರ್ಮಿಕ್ಯುಲೈಟ್ ಹರಳಿನಲ್ಲಿ ಅರ್ಧ ಹುಗಿದು ಇಟ್ಟೆ. ಹರಳು ಒದ್ದೆಯಿರಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಕತ್ತಲಲ್ಲಿ ಟಾರ್ಚು ಹಿಡಿದರೆ ಚಿಪ್ಪಿನ ಒಳಗೋಡೆಗೆ ಕೆಂಪು ರಕ್ತನಾಳಗಳು ಹರಡಿದ್ದು ಕಾಣುತ್ತಿತ್ತು. ಪಾಠದಲ್ಲಿ ಬರೆಯುವ ಚಿತ್ರವನ್ನು ಅಷ್ಟು ಹತ್ತಿರದಿಂದ ನಾನು ಕಂಡಿರಲಿಲ್ಲ.

ಕಾವು ಇಪ್ಪತ್ತೇಳು ಇಪ್ಪತ್ತೆಂಟು ಡಿಗ್ರಿ ಸಾಕು, ಸುಮಾರು ಎರಡು ತಿಂಗಳು. ಮೂವತ್ತೆರಡು ಮೂವತ್ಮೂರು ದಾಟಿದರೆ ಮರಿಯ ಬೆನ್ನೆಲುಬು ಸೊಟ್ಟಾಗಬಹುದು, ಸಾಯಲೂಬಹುದು. ವಿಜಯಪುರ ಬಾಗಲಕೋಟೆಯ ಮೇ ತಿಂಗಳಿನಲ್ಲಿ ತಂಪು ಮಾಡುವುದೇ ಒಂದು ಪಾಡಾಗುತ್ತಿತ್ತು. ನಮ್ಮಲ್ಲಿ ಸಮಸ್ಯೆ ಉಲ್ಟಾ. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಬೆಳಗಾವಿಯಲ್ಲಿ ಅರಿವೆ ಒಣಗುವುದಿಲ್ಲ, ಗೋಡೆಗೂ ಬೂಸಲು. ಥರ್ಮಾಕೋಲ್ ಡಬ್ಬಿ, ಅದರಡಿಗೆ ಥರ್ಮೋಸ್ಟ್ಯಾಟ್ ಹಚ್ಚಿದ ಹೀಟ್ ಮ್ಯಾಟು, ಕಾವು ಹಿಡಿದಿಡಲು ನೀರು ತುಂಬಿದ ಬಾಟಲಿಗಳು. ಗಾಳಿ ಮಳೆಗೆ ಕರೆಂಟು ಹೋದಾಗ ಇನ್ವರ್ಟರಿನ ಮೊದಲ ಪಾಲು ತತ್ತಿಗೆ, ಟೀವಿಗೆ ಇಲ್ಲ. ಧಾರಾವಾಹಿ ತಪ್ಪಿದ ಸಂಜೆಗಳಲ್ಲಿ ಅತ್ತೆಯವರು ಮಾಳಿಗೆಯ ಕಡೆ ನೋಡುತ್ತಿದ್ದ ನೋಟ ನನಗೆ ಗೊತ್ತು.

ವಿದ್ಯಾರ್ಥಿಗಳು ಕೇಳುತ್ತಿದ್ದರು, ಕಾವು ಹೆಚ್ಚು ಕಡಿಮೆ ಮಾಡಿದರೆ ಗಂಡು ಹೆಣ್ಣು ಬದಲಾಗುತ್ತವೆಯೇ ಅಂತ. ಮೊಸಳೆಯಲ್ಲಿ, ಹಲವು ಆಮೆಗಳಲ್ಲಿ ಹೌದು. ಹಾವಿನಲ್ಲಿ ಅದು ವರ್ಣತಂತುಗಳಲ್ಲೇ ತೀರ್ಮಾನವಾಗಿರುತ್ತದೆ. ಗಂಡೋ ಹೆಣ್ಣೋ ಎಂಬುದು ನಮ್ಮಲ್ಲಿ ತಂದೆಯಿಂದ, ಈ ಹಾವಿನಲ್ಲಿ ತಾಯಿಯಿಂದ.

ಪಂಚಮಿ ಹತ್ತಿರ ಬಂತು. ನಾದಿನಿ ಬೈಲಹೊಂಗಲದಿಂದ ತವರಿಗೆ ಬಂದಳು, ಜೊತೆಗೆ ಇಬ್ಬರು ಮಕ್ಕಳು. ಜೋಕಾಲಿ ಕಟ್ಟಿಯಾಯಿತು. ಶೇಂಗಾದ ಉಂಡಿ, ಎಳ್ಳುಂಡಿ, ಅರಳು, ಕಡ್ಲಿ ಉಸುಳಿ, ಅಡುಗೆಮನೆ ತುಂಬ ಗದ್ದಲ. ಆಗಲೇ ತತ್ತಿಗಳ ಮೈ ಬಿಗಿ ಕಳಕೊಂಡು ಅಲ್ಲಲ್ಲಿ ತಗ್ಗು ಬೀಳತೊಡಗಿತು. ಕೆಟ್ಟಿತೆಂದು ತಿಳಿಯಬೇಡಿ, ದಿನ ಸಮೀಪಿಸಿದ ಲಕ್ಷಣ ಅದು.

ನಾಗಪ್ಪಗೆ ಹಾಲೆರೆದು ಮೇಲೆ ಬಂದ ಹೊತ್ತಿಗೆ ಒಂದು ತತ್ತಿಯ ನೆತ್ತಿಯಲ್ಲಿ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸೀಳು. ಮರಿಯ ಮೂತಿಯ ತುದಿಗೆ ಒಂದು ಹಲ್ಲಿರುತ್ತದೆ, ಚಿಪ್ಪು ಕೊಯ್ಯುವುದಕ್ಕೆ ಮಾತ್ರ. ಕೆಲಸ ಮುಗಿದ ಮೇಲೆ ಉದುರಿಹೋಗುತ್ತದೆ. ಸೀಳಿನಿಂದ ಲೋಳೆ ಒಸರಿತು, ಗುಳ್ಳೆ ಬಂತು, ಆಮೇಲೆ ಮೂತಿ. ಮೂತಿಯ ಮೇಲೆ ಎರಡು ಕಣ್ಣು. ನಾಲಗೆ ಒಮ್ಮೆ ಹೊರಬಂದು ಮಾಳಿಗೆಯ ಗಾಳಿಯನ್ನು ಮುಟ್ಟಿ ನೋಡಿತು. ಮಕ್ಕಳು ಒಮ್ಮೆಲೇ "ಬಂತೂ!" ಅಂದದ್ದಕ್ಕೆ ತಲೆ ಗಬಕ್ಕನೆ ಒಳಗೆ.

ಸಂಜೆಯಾದರೂ ಅದು ಹೊರಬರಲಿಲ್ಲ. ನಾದಿನಿಗೆ ತಡೆಯಲಾಗಲಿಲ್ಲ. "ವೈನಿ, ಪಾಪ, ಉಸಿರು ಕಟ್ಟೀತು. ಕತ್ತರಿಲೆ ಸ್ವಲ್ಪ ಬಿಡಿಸೂಣೇನು?" ಬೇಡವೆಂದೆ. ಸೀಳಿದ ಮೇಲೂ ಒಂದು ದಿನ, ಕೆಲವೊಮ್ಮೆ ಎರಡು ದಿನ ಮರಿ ಒಳಗೇ ಇರುತ್ತದೆ. ಶ್ವಾಸಕೋಶಕ್ಕೆ ಗಾಳಿಯ ರೂಢಿ ಆಗಬೇಕು, ಉಳಿದ ಹಳದಿ ಭಂಡಾರವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳಬೇಕು. ಮುಂಚೆ ಎಳೆದರೆ ಆ ಬುತ್ತಿ ಹೊರಗೇ ಹರಿದುಹೋಗುತ್ತದೆ, ರಕ್ತನಾಳ ಹರಿಯುತ್ತದೆ. ನಾದಿನಿ ಕತ್ತರಿ ಕೆಳಗಿಟ್ಟಳು, ಆದರೆ ಊರಿಗೆ ಹೊರಡುವುದನ್ನು ಮುಂದೂಡಿದಳು.

ಮರುದಿನ ಒಂದರ ಹಿಂದೊಂದು ಸೀಳು. ಒಂದು ತತ್ತಿಯಿಂದ ಇಣುಕಿದ ತಲೆ ಕೆಂಪು ಕೇಸರಿ, ಕಣ್ಣೂ ಕೆಂಪು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ನಮ್ಮ ಗಂಡು ಕಪ್ಪು ಬಣ್ಣವೇ ಇಲ್ಲದ ಕೆಂಪು ಬಗೆ, ಹೆಣ್ಣು ಸಾದಾ ಬಣ್ಣದ್ದು. ಕಪ್ಪಿಲ್ಲದಿರುವುದು ಅಡಗಿ ಕೂರುವ ಗುಣ. ತಾಯಿ ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ತಾಯಿ ಅಪ್ಪಟ ಸಾದಾ ಆಗಿದ್ದರೆ ಮರಿಗಳೆಲ್ಲ ಸಾದಾ ಆಗಬೇಕಿತ್ತು. ಆದರೆ ಹೊರಬಂದ ಹದಿಮೂರರಲ್ಲಿ ಆರು ಕೆಂಪು. ಅಂದರೆ ನಮ್ಮ ಹೆಣ್ಣು ಆ ಗುಣವನ್ನು ಮೈಯೊಳಗೆ ಇಟ್ಟುಕೊಂಡೇ ಪುಣೆಯಿಂದ ಬಂದಿದ್ದಳು. ಅಂಥ ಜೋಡಿಗೆ ಸುಮಾರು ಅರ್ಧದಷ್ಟು ಕೆಂಪು ಬರಬೇಕು, ಬಂದಿವೆ. ಅತ್ತೆಯವರು ಕೆಳಗಿನಿಂದಲೇ ವಿಚಾರಿಸಿದರು, "ಯಾರ ಪೈಕಿ ಬಂದಾವ?" ಅಪ್ಪನ ಪೈಕಿ ಅಂದೆ, ಅರ್ಧ ಸತ್ಯ.

ಇವತ್ತು ಸಾಕುಪ್ರಾಣಿಯಾಗಿ ಕಾಣುವ ಕೆಂಪು ಕಾರ್ನ್ ಸ್ನೇಕುಗಳ ಕಥೆ ಶುರುವಾದದ್ದು 1953ರಲ್ಲಿ ಉತ್ತರ ಕೆರೊಲಿನಾದಲ್ಲಿ ಸಿಕ್ಕ ಒಂದು ಕಪ್ಪಿಲ್ಲದ ಹಾವಿನಿಂದ. ಬರ್ನಾರ್ಡ್ ಬೆಕ್ಟೆಲ್ ಎಂಬ ಚರ್ಮವೈದ್ಯರು ಅದರ ಸಂತತಿಯನ್ನು ಬೆಳೆಸಿ, 1961ರಲ್ಲಿ ಈ ಬಣ್ಣದ ಮರಿಗಳನ್ನು ಪಡೆದರು. ಬಣ್ಣದ ಹುಚ್ಚು ಅಲ್ಲಿಂದ ಎಷ್ಟು ಬೆಳೆದಿದೆಯೆಂದರೆ ಈಗ ಹೆಸರುಗಳನ್ನು ನೆನಪಿಡುವುದೇ ಕಷ್ಟ. ನನ್ನ ಮಗನಿಗೆ ಅವೆಲ್ಲ ಬಾಯಿಪಾಠ. ನನಗೆ ಸಾದಾ ಬಣ್ಣದ ಮರಿಯೇ ಚೆಲುವೆನಿಸುತ್ತದೆ.

ಒಂದು ಮರಿ ತತ್ತಿಯೊಳಗೇ ಸತ್ತಿತ್ತು. ಉಳಿದವು ಪೆನ್ಸಿಲ್ಲಿಗಿಂತ ತೆಳು, ಗೇಣಿಗಿಂತ ತುಸು ಉದ್ದ. ಹುಟ್ಟಿ ಗಂಟೆ ಕಳೆದಿಲ್ಲ, ಬೆರಳು ಹತ್ತಿರ ಒಯ್ದರೆ ಬಾಲ ನಡುಗಿಸಿ, ಕುತ್ತಿಗೆ ಮಡಚಿ, ಎರಗುತ್ತವೆ! ಕಚ್ಚಿದ್ದು ಗೊತ್ತೂ ಆಗುವುದಿಲ್ಲ. ಯಾರೂ ಕಲಿಸಿಲ್ಲ, ತಾಯಿಯ ಮುಖ ಕಂಡಿಲ್ಲ, ಆದರೂ ಇಷ್ಟು ಸಿಟ್ಟು ಎಲ್ಲಿಂದ ಬಂತೆಂದು ನಾದಿನಿಯ ಮಗ ಕೇಳಿದ. ಅಷ್ಟು ಸಣ್ಣದಾಗಿದ್ದರೆ ನಿನಗೂ ಹೆದರಿಕೆಯಾಗುತ್ತಿತ್ತು, ಸಿಟ್ಟಲ್ಲ ಅದು, ಅಂದೆ.

ಒಂದೊಂದಕ್ಕೂ ಬೇರೆ ಡಬ್ಬಿ. ಒಟ್ಟಿಗೆ ಬಿಟ್ಟರೆ ಒಂದನ್ನೊಂದು ನುಂಗುವುದೂ ಉಂಟು. ವಾರ ಹತ್ತು ದಿನಕ್ಕೆ ಮೊದಲ ಪೊರೆ ಬಿಡುತ್ತವೆ, ಅದಾದ ಮೇಲೆ ಮೊದಲ ಊಟ: ಕೂದಲು ಬಾರದ ಇಲಿಮರಿ. ಕೆಲವು ಹೊಸಬರು ಮೂಸಿ ನೋಡಿ ಮುಖ ತಿರುಗಿಸುತ್ತವೆ. ಕಾಡಿನಲ್ಲಿ ಈ ವಯಸ್ಸಿನವು ಹಲ್ಲಿಜಾತಿಯ ಸಣ್ಣ ಪ್ರಾಣಿಗಳನ್ನು, ಮರಗಪ್ಪೆಗಳನ್ನು ತಿನ್ನುತ್ತವೆ. ಅದಕ್ಕೇ ಸಾಕುವವರು ಇಲಿಮರಿಗೆ ಹಲ್ಲಿಯ ವಾಸನೆ ಹಚ್ಚಿ ಕೊಡುತ್ತಾರೆ. ನಾನು ಮೊದಮೊದಲು ನಕ್ಕೆ. ಹಟಮಾರಿಗಳ ಪೈಕಿ ಎರಡು ಈ ಉಪಾಯಕ್ಕೇ ಬಾಯಿ ತೆರೆದವು.

ಈಗ ಮೊದಲು ಹೇಳಿದ ಆ ಪ್ರಶ್ನೆ: ಅಷ್ಟನ್ನೂ ಏನು ಮಾಡುವುದು? ಹದಿಮೂರು ಹಾವು, ಒಂದೊಂದಕ್ಕೂ ಹದಿನೈದು ಇಪ್ಪತ್ತು ವರ್ಷ ಆಯುಷ್ಯ. ನೆರೆಯ ಮಾವ್ಶಿ ಸುಲಭದ ದಾರಿ ಹೇಳಿದರು: ಖಾನಾಪುರದ ಕಾಡು ಹತ್ತಿರವೇ ಐತಿ, ಬಿಟ್ಟು ಬರ್ರಿ. ಅದೊಂದನ್ನು ಮಾತ್ರ ಮಾಡಬಾರದು. ಕೆರಿಬಿಯನ್ ಸಮುದ್ರದ ಕೆಲವು ದ್ವೀಪಗಳಿಗೆ ಹೊರಗಿನಿಂದ ಸೇರಿಕೊಂಡ ಇದೇ ಹಾವು ಅಲ್ಲಿ ನೆಲೆಯೂರಿ, ಅಲ್ಲಿನ ಹಕ್ಕಿ ಹಲ್ಲಿಗಳಿಗೆ ಕಂಟಕವಾಗಿದೆ. ನಮ್ಮ ಕಾಡಿನಲ್ಲಿ ಇಲಿ ತಿನ್ನಲು ಕೇರೆ ಇದೆ, ಆಭರಣ ಹಾವು ಇದೆ. ಹೊರಗಿನ ರೋಗ ಹೊತ್ತ ಹೊಸ ನೆಂಟ ಅವಕ್ಕೆ ಬೇಕಿಲ್ಲ.

ಮಗ ಬಂದು ಒಬ್ಬೊಬ್ಬರ ಮನೆ ನೋಡಿ, ಇಲಿ ಎಲ್ಲಿಂದ ತರುತ್ತೀರಿ, ಮನೆಯವರು ಒಪ್ಪಿದ್ದಾರೆಯೇ ಎಂದೆಲ್ಲ ಕೇಳಿ, ಎಂಟು ಮರಿ ಕೊಟ್ಟ. ಕೆಂಪು ಮರಿಗಳಿಗೆ ಕೈ ಮುಂದೆ ಬಂದವು, ಸಾದಾ ಮರಿಗಳನ್ನು ಕೇಳಿದವರು ಕಡಿಮೆ. ಐದು ಇನ್ನೂ ನಮ್ಮಲ್ಲೇ ಇವೆ. ಮನೆಗಳನ್ನು ಮೊದಲು ಹುಡುಕಿ ಆಮೇಲೆ ಜೋಡಿ ಕೂಡಿಸಬೇಕು ಎಂಬುದು ಈಗ ನನ್ನ ಖಂಡಿತ ಅಭಿಪ್ರಾಯ, ಮಗನಿಗೂ ಹೇಳಿದ್ದೇನೆ. ಗಂಡು ಹೆಣ್ಣು ಯುಗಾದಿಯ ನಂತರ ಮತ್ತೆ ಒಂದೇ ಪೆಟ್ಟಿಗೆ ಸೇರಿಲ್ಲ.

ಆದರೆ ಹೆಣ್ಣು ಹಾವು ಗಂಡಿನ ಬೀಜವನ್ನು ಮೈಯೊಳಗೆ ತಿಂಗಳುಗಟ್ಟಲೆ ಕಾಪಾಡಿಕೊಂಡು, ಅದೇ ವರ್ಷ ಎರಡನೇ ಸಲ ತತ್ತಿ ಇಡಬಲ್ಲದು. ಕಳೆದ ವಾರ ನಮ್ಮವಳು ಮತ್ತೆ ಊಟ ಬಿಟ್ಟಳು, ಕಣ್ಣು ನೀಲಿಯಾಗಿದೆ. ಈ ಸಲ ಇಟ್ಟ ದಿನವೇ ತತ್ತಿಗಳನ್ನು ಮಾಳಿಗೆಯ ಫ್ರಿಜ್ಜಿನ ಹೆಪ್ಪುಗಟ್ಟಿಸುವ ಖಾನೆಗೆ ಹಾಕಬೇಕೆಂದು ನಾನು ಹೇಳುತ್ತೇನೆ. ಮಗ ಒಲ್ಲದ ಮನಸ್ಸಿನಿಂದ ಹೂಂ ಅಂದಿದ್ದಾನೆ. ಇಲಿಯನ್ನೇ ಒಪ್ಪದಿದ್ದ ಅತ್ತೆಯವರು, ತತ್ತಿ ಕೊಲ್ಲುವ ಬದಲು ಡಬ್ಬಿಗಳನ್ನು ತಮ್ಮ ಕೋಣೆಯಲ್ಲಿ ಇಡಿರಿ ಅನ್ನುತ್ತಿದ್ದಾರೆ.

ನಮಸ್ಕಾರ.