ಗಾಡಿ ರಿಪೇರಿಗೆ ಮನೇಲಿ ಯಾವ ವೆಲ್ಡಿಂಗ್ ಮಷಿನ್? ಮೇಲಿನ ಆಂಪ್ಸ್ ಅಲ್ಲ, ಕೆಳಗಿನ ಆಂಪ್ಸ್ ನೋಡಿ

ಕಾರಿನ ಬಾಗಿಲ ಕೆಳಗಿನ ಈ ಸಿಲ್ ನೋಡಿ. ಹೊರಗಡೆ ಪೇಂಟ್ ಉಬ್ಬಿರೋದು ಅಂಗೈ ಅಗಲ. ಗ್ರೈಂಡರ್ ಹಿಡಿದು ಉಜ್ಜುತ್ತಾ ಹೋದ್ರೆ ತುಕ್ಕು ತಿಂದಿರೋದು ಅದರ ಎರಡರಷ್ಟು. ಸುತ್ತ ಉಳಿದಿರೋ ಗಟ್ಟಿ ತಗಡಿಗೆ ವರ್ನಿಯರ್ ಹಿಡಿದ್ರೆ 0.8 ಎಂಎಂ. ಮಷಿನ್ ಹುಡುಕೋ ಕೆಲಸ ಈ ಅಳತೆಯಿಂದ ಶುರುವಾಗಬೇಕು, ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರೋ 200 ಆಂಪ್ಸ್‌ನಿಂದ ಅಲ್ಲ.

ಸಾದಾ ಕಬ್ಬಿಣಕ್ಕೆ ಒಂದು ಅಂದಾಜು ಲೆಕ್ಕ ಇದೆ: 1 ಎಂಎಂ ದಪ್ಪಕ್ಕೆ ಸುಮಾರು 40 ಆಂಪ್ಸ್. ಬಾಡಿ ತಗಡು 0.7ರಿಂದ 1 ಎಂಎಂ, ಅಂದ್ರೆ 30ರಿಂದ 40 ಆಂಪ್ಸ್. ಬ್ರಾಕೆಟ್, ಚಾಸಿ ಪಟ್ಟಿ ಅಂತ ಹೋದ್ರೆ 3 ಎಂಎಂ, ಅದಕ್ಕೆ 120 ಆಸುಪಾಸು. ಹಾಗಾಗಿ 30ರಿಂದ 140 ಆಂಪ್ಸ್ ತನಕ ನಿಯತ್ತಾಗಿ ಕೊಡೋ ಮಷಿನ್ ಇದ್ರೆ ಗಾಡಿ ಕೆಲಸ ಬಹುಪಾಲು ಮುಗೀತು. 140 ಕೊಡೋ ಮಷಿನ್‌ಗಳು ಬೇಕಾದಷ್ಟಿವೆ. 30ಕ್ಕೆ ಇಳಿದಾಗ ಆರ್ಕ್, ಅಂದ್ರೆ ಕಬ್ಬಿಣ ಕರಗಿಸೋ ಆ ಕರೆಂಟ್ ಕಿಡಿ, ಕಡಿದುಹೋಗದೆ ಒಂದೇ ಸಮ ಉರಿಯುತ್ತಾ ಅನ್ನೋದೇ ಪರೀಕ್ಷೆ.

ಅತಿ ಅಗ್ಗಕ್ಕೆ ಸಿಗೋದು ರಾಡ್ ಮಷಿನ್, ಇನ್ವರ್ಟರ್ ಆರ್ಕ್. 3 ಎಂಎಂ ಮೇಲಿನ ಕಬ್ಬಿಣಕ್ಕೆ ಅದು ಚಿನ್ನದಂಥ ಮಷಿನ್. ಗಾಳಿ ಬೀಸಿದ್ರೂ ನಡೆಯುತ್ತೆ, ಅಲ್ಪಸ್ವಲ್ಪ ತುಕ್ಕಿದ್ರೂ ತಡ್ಕೊಳ್ಳುತ್ತೆ, ಸಿಲಿಂಡರ್ ಗೋಜಿಲ್ಲ. ಬಾಡಿ ತಗಡಿಗೆ ಮಾತ್ರ ಅದು ಆಗಿಬರೋದು ಕಷ್ಟ. 2.5 ಎಂಎಂನ 6013 ರಾಡ್ ಸರಿಯಾಗಿ ಉರಿಯೋಕೆ 60 ಆಂಪ್ಸ್ ಆದ್ರೂ ಬೇಕು. ಅದಕ್ಕಿಂತ ಇಳಿಸಿದ್ರೆ ರಾಡ್ ಅಂಟಿಕೊಳ್ಳುತ್ತೆ, ಅಷ್ಟೇ ಇಟ್ರೆ 0.8 ತಗಡು ತೂತು ಬೀಳುತ್ತೆ. 1.6 ಎಂಎಂ ರಾಡ್ ಸಿಗುತ್ತೆ, ಪಳಗಿದ ಕೈ 1.5 ಎಂಎಂ ತನಕ ಅದರಲ್ಲಿ ನಿಭಾಯಿಸುತ್ತೆ. ಹೊಸಬರು ಅದನ್ನ ನಂಬಿ ಸಿಲ್‌ಗೆ ಕೈ ಹಾಕೋದು ಬೇಡ.

ಟಿಗ್, ಅಂದ್ರೆ ಒಂದು ಕೈಲಿ ಟಾರ್ಚ್, ಇನ್ನೊಂದು ಕೈಲಿ ತುಂಬೋ ಕಡ್ಡಿ ಹಿಡಿಯೋ ಬಗೆ, ಅಚ್ಚುಕಟ್ಟು, ಆದ್ರೆ ನಿಧಾನ. ಎರಡೂ ಕೈಗೆ ಕೆಲಸ, ಕಬ್ಬಿಣ ಕನ್ನಡಿ ಥರ ಶುದ್ಧವಾಗಿರಬೇಕು. ಅಲ್ಯೂಮಿನಿಯಂಗೆ ಎಸಿ ಟಿಗ್ ಬೇಕು, ಅದು ಅಗ್ಗದ ಲೆಕ್ಕಕ್ಕೆ ಬರಲ್ಲ. ಮೊದಲ ಮಷಿನ್ ಆಗಿ ಬಿಟ್ಟುಬಿಡಿ.

ಉಳಿದಿದ್ದು ಮಿಗ್, ಅಂದ್ರೆ ಟ್ರಿಗರ್ ಒತ್ತಿದ್ರೆ ಸ್ಪೂಲ್‌ನಿಂದ ವೈರ್ ತಾನಾಗಿ ಬರೋ ಮಷಿನ್. ಗೊಂದಲ ಆಗೋದೂ ಇಲ್ಲೇ, ಯಾಕಂದ್ರೆ "ಗ್ಯಾಸ್ ಬೇಡದ ಮಿಗ್" ಅಂತ ಮಾರೋದು ಬೇರೆಯೇ ವೈರ್. ಅದರ ಒಳಗೆ ಫ್ಲಕ್ಸ್ ಅನ್ನೋ ಪುಡಿ ತುಂಬಿರುತ್ತೆ, ಗ್ಯಾಸ್ ಬದಲು ಅದೇ ಬೆಸುಗೆಯನ್ನ ಗಾಳಿಯಿಂದ ಕಾಯುತ್ತೆ. ಗ್ಯಾಸ್ ಖರ್ಚಿಲ್ಲ ಸರಿ, ಆದ್ರೆ ವೈರ್ ದುಬಾರಿ, ಕಿಡಿ ಜಾಸ್ತಿ, ಬೆಸುಗೆ ಮೇಲೆ ಸ್ಲ್ಯಾಗ್ ಅನ್ನೋ ಗಟ್ಟಿ ಪೊರೆ ಕೂರುತ್ತೆ. ಮನೆ ಮಷಿನ್‌ಗೆ ಸಿಗೋ ವೈರ್ ಸಾಮಾನ್ಯವಾಗಿ 0.8 ಎಂಎಂನಿಂದ ಶುರು. ಸೈಲೆನ್ಸರ್ ಬ್ರಾಕೆಟ್, 1.5 ಎಂಎಂ ಪಟ್ಟಿ ಇಂಥದ್ದಕ್ಕೆ ಸಾಕು. ತೆಳು ತಗಡಿಗೆ ಅದರ ಬಿಸಿ ಹೆಚ್ಚಾಯ್ತು.

ಬಾಡಿ ತಗಡಿಗೆ ಬೇಕಾಗಿರೋದು ಗ್ಯಾಸ್ ಹಾಕಿ ನಡೆಸೋ ಮಿಗ್, ಒಳಗೆ ಫ್ಲಕ್ಸ್ ಇಲ್ಲದ 0.6 ಎಂಎಂ ಗಟ್ಟಿ ವೈರ್, ಇಆರ್ 70 ಎಸ್-6 ಅಂತ ಬರುತ್ತಲ್ಲ, ಅದು. ವೈರ್ ತೆಳುವಾದಷ್ಟೂ ಕಡಿಮೆ ಆಂಪ್ಸ್‌ನಲ್ಲಿ ಆರ್ಕ್ ನಿಲ್ಲುತ್ತೆ. ಗ್ಯಾಸ್‌ನಲ್ಲಿ ಬರೀ ಸಿಓಟು ಅಗ್ಗ, ಆದ್ರೆ ಆರ್ಕ್ ಒರಟು, ಬಿಸಿ ಆಳಕ್ಕಿಳಿಯುತ್ತೆ. 80 ಭಾಗ ಆರ್ಗಾನ್, 20 ಭಾಗ ಸಿಓಟು ಮಿಶ್ರಣ ತಗಡಿನ ಮೇಲೆ ಮೆತ್ತಗೆ ನಡೆಯುತ್ತೆ. ಹರಿವು ನಿಮಿಷಕ್ಕೆ 8ರಿಂದ 10 ಲೀಟರ್ ಸಾಕು. ಕಡಿಮೆ ಆದ್ರೆ ಬೆಸುಗೆ ಸ್ಪಂಜಿನ ಥರ ರಂಧ್ರ ರಂಧ್ರ. ವಿಪರೀತ ಬಿಟ್ರೂ ಅದೇ ಗತಿ: ಗ್ಯಾಸ್ ಸುಳಿ ಎದ್ದು ಹೊರಗಿನ ಗಾಳಿಯನ್ನೇ ಒಳಗೆಳೆಯುತ್ತೆ.

ಈಗ ಮಷಿನ್ ಹಿಂಬದಿ ತಿರುಗಿಸಿ. ಗ್ಯಾಸ್ ಪೈಪ್ ಕೂರೋ ನಿಪ್ಪಲ್ ಇದೆಯಾ? ಇಲ್ಲ ಅಂದ್ರೆ ಅದು ಎಂದೆಂದಿಗೂ ಫ್ಲಕ್ಸ್ ವೈರ್ ಮಷಿನ್ನೇ. ಎರಡನೇದು, ಪೊಲಾರಿಟಿ ಬದಲಿಸೋಕೆ ಆಗುತ್ತಾ? ಗಟ್ಟಿ ವೈರ್ ಮತ್ತು ಗ್ಯಾಸ್‌ಗೆ ಟಾರ್ಚ್, ಅಂದ್ರೆ ವೈರ್ ಹೊರಬರೋ ಕೈಹಿಡಿ, ಪ್ಲಸ್‌ಗೆ ಹೋಗಬೇಕು. ಗ್ಯಾಸ್ ಬೇಡದ ಫ್ಲಕ್ಸ್ ವೈರ್‌ಗೆ ಮೈನಸ್‌ಗೆ. ಉಲ್ಟಾ ಬಿಟ್ರೆ ಮಷಿನ್ ಸುಡಲ್ಲ, ಅದಕ್ಕೇ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಕಿಡಿ ಸಿಡಿದು, ಬೆಸುಗೆ ಗುಡ್ಡೆ ಗುಡ್ಡೆಯಾಗಿ ಬಂದು, ಪಾಪ ವೈರ್ ಸರಿಯಿಲ್ಲ ಅಂತ ಬೈತಾರೆ. ಸಿಲಿಂಡರ್‌ಗೆ ಈಗಲೇ ದುಡ್ಡು ಸಾಲದಿದ್ರೂ ಈ ಎರಡೂ ಇರೋ ಮಷಿನ್ನೇ ತಗೊಳ್ಳಿ. ಫ್ಲಕ್ಸ್ ವೈರ್‌ನಲ್ಲಿ ಶುರು ಮಾಡಿ, ಗ್ಯಾಸ್ ಆಮೇಲೆ ಸೇರಿಸಬಹುದು.

ಪಕ್ಕದ ಬಾಗಿಲು ತೆಗೀರಿ. ಅಗ್ಗದ ಮಿಗ್ ಎಡವೋದು ಬಹಳ ಸಲ ಇಲ್ಲಿ, ವೈರ್ ತಳ್ಳೋ ಜಾಗದಲ್ಲಿ. ಪ್ಲಾಸ್ಟಿಕ್ ಫೀಡರ್ ಬಿಸಿಗೆ ಬಾಗುತ್ತೆ, ವೈರ್ ತಡೆದು ತಡೆದು ಬರುತ್ತೆ, ಆರ್ಕ್ ಕೆಮ್ಮೋಕೆ ಶುರು ಮಾಡುತ್ತೆ. ಲೋಹದ ಫೀಡರ್ ಇರೋದನ್ನ ಆರಿಸಿ, ಬೇರೆ ಕಡೆ ಸ್ವಲ್ಪ ಬಿಟ್ಟುಕೊಟ್ಟಾದ್ರೂ ಸರಿ. ವೈರ್ ತಳ್ಳೋ ರೋಲರ್ ಮೇಲಿನ ತೋಡು ವೈರ್ ಅಳತೆಗೆ ಹೊಂದಬೇಕು: ಗಟ್ಟಿ ವೈರ್‌ಗೆ ವಿ ಆಕಾರದ ನಯವಾದ ತೋಡು, ಫ್ಲಕ್ಸ್ ವೈರ್‌ಗೆ ಹಲ್ಲು ಹಲ್ಲಾಗಿರೋದು. ಒತ್ತೋ ಸ್ಪ್ರಿಂಗ್ ಜಾಸ್ತಿ ಬಿಗಿ ಮಾಡಬೇಡಿ. ಮುಂದೆ ಟಾರ್ಚ್ ತುದಿಯ ಟಿಪ್‌ನಲ್ಲಿ ವೈರ್ ಸಿಕ್ಕಿಕೊಂಡಾಗ ರೋಲರ್ ಜಾರಬೇಕು. ಜಾರದಿದ್ರೆ ಫೀಡರ್ ಪಕ್ಕ ಹಕ್ಕಿ ಗೂಡಿನ ಥರ ವೈರ್ ಸುತ್ಕೊಂಡು ಕೂರುತ್ತೆ. ಟಾರ್ಚ್ ಬಿಚ್ಚಿ ತೆಗೆಯೋ ಯೂರೋ ಕನೆಕ್ಟರ್ ಇದ್ರೆ ಒಳ್ಳೇದು, ಟಾರ್ಚ್ ಒಳಗೆ ವೈರ್ ಸಾಗೋ ಕೊಳವೆ, ಅಂದ್ರೆ ಲೈನರ್, ಕೆಟ್ಟಾಗ ಇಡೀ ಮಷಿನ್ ಬಿಚ್ಚೋ ಕೆಲಸ ಇರಲ್ಲ. 5 ಕೆಜಿ ಸ್ಪೂಲ್ ಕೂರೋ ಜಾಗ ಇದ್ರೆ 1 ಕೆಜಿ ಸ್ಪೂಲ್‌ಗಿಂತ ವೈರ್ ಅಗ್ಗ ಬೀಳುತ್ತೆ.

ಹಾಗೇ ಡ್ಯೂಟಿ ಸೈಕಲ್ ಓದಿ. 140 ಆಂಪ್ಸ್‌ಗೆ 30 ಪರ್ಸೆಂಟ್ ಅಂದ್ರೆ 10 ನಿಮಿಷದಲ್ಲಿ 3 ನಿಮಿಷ ಬೆಸುಗೆ, 7 ನಿಮಿಷ ವಿಶ್ರಾಂತಿ. ತಗಡಿನಲ್ಲಿ ಒಂದೊಂದು ಚುಕ್ಕಿ ಇಡ್ತಾ ಹೋಗೋರಿಗೆ ಇಷ್ಟು ಧಾರಾಳ. ಕರೆಂಟ್ ವಿಷಯಕ್ಕೆ, 230 ವೋಲ್ಟ್ ಸಿಂಗಲ್ ಫೇಸ್‌ನಲ್ಲಿ 100 ಆಂಪ್ಸ್ ರಾಡ್ ಉರಿಸಿದ್ರೆ ಗೋಡೆಯಿಂದ 15ರಿಂದ 18 ಆಂಪ್ಸ್ ಎಳೆಯಬಹುದು. 16 ಆಂಪ್ಸ್ ಸಾಕೆಟ್ ಕನಿಷ್ಠ ಬೇಕು. ಎಕ್ಸ್‌ಟೆನ್ಷನ್ ವೈರ್ 2.5 ಚದರ ಎಂಎಂ ತಾಮ್ರದ್ದು ಇರಲಿ, ಸುರುಳಿ ಪೂರ್ತಿ ಬಿಚ್ಚಿ ಹಾಸಿ. ಸುತ್ತಿಟ್ಟ ಹಾಗೇ ಬಳಸಿದ್ರೆ ಅದು ಒಳಗೊಳಗೇ ಕಾದು ಕರಗುತ್ತೆ.

ಕೈಯಲ್ಲಿರೋ ದುಡ್ಡನ್ನೆಲ್ಲ ಮಷಿನ್‌ಗೇ ಸುರೀಬೇಡಿ, ದಯವಿಟ್ಟು. ತಾನಾಗಿ ಕಪ್ಪಾಗೋ ಹೆಲ್ಮೆಟ್, ಶೇಡ್ (ಗಾಜು ಎಷ್ಟು ಕಪ್ಪಾಗುತ್ತೆ ಅನ್ನೋ ಅಂಕಿ) 9ರಿಂದ 13 ತನಕ ಬದಲಿಸೋಕೆ ಬರೋದು. ಚರ್ಮದ ಗ್ಲೌಸ್, ಗ್ರೈಂಡರ್, ನಾಲ್ಕಾರು ಕ್ಲಾಂಪ್, ಸಿಲಿಂಡರ್‌ಗೆ ಗ್ಯಾಸ್ ರೆಗ್ಯುಲೇಟರ್. ಇವಿಲ್ಲದೆ ಒಳ್ಳೆ ಮಷಿನ್ ಇದ್ದೂ ಪ್ರಯೋಜನವಿಲ್ಲ.

ಗಾಡಿಗೆ ಟಾರ್ಚ್ ಮುಟ್ಟಿಸೋ ಮುಂಚೆ ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿ. ಅರ್ಥ್ ಕ್ಲಾಂಪ್ ಬೆಸುಗೆ ಜಾಗದ ಹತ್ತಿರ, ಉಜ್ಜಿ ಹೊಳೆಸಿದ ಕಬ್ಬಿಣಕ್ಕೆ. ಅದನ್ನ ಚಕ್ರದ ಕಡೆ ಸಿಕ್ಕಿಸಿ ಬಾಡಿಗೆ ಬೆಸುಗೆ ಹಾಕಿದ್ರೆ ಕರೆಂಟ್ ಬೇರಿಂಗ್ ಮೂಲಕ ದಾಟುತ್ತೆ, ಬೇರಿಂಗ್ ಒಳಗೆ ಚುಕ್ಕಿ ಚುಕ್ಕಿ ಸುಟ್ಟು ಹಾಳಾಗುತ್ತೆ. ಬೆಸುಗೆ ಜಾಗದ ಹಿಂದುಗಡೆ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್, ವೈರಿಂಗ್, ಕಾರ್ಪೆಟ್ ಏನಿದೆ ಅಂತ ಕೈಯಾರೆ ನೋಡಿ. ಬ್ರೇಕ್ ಕ್ಲೀನರ್‌ನಿಂದ ಒರೆಸಿ ಬೆಸುಗೆ ಹಾಕಲೇಬೇಡಿ: ಕ್ಲೋರಿನ್ ಇರೋ ಕ್ಲೀನರ್ ಆರ್ಕ್‌ಗೆ ಸಿಕ್ಕಿದ್ರೆ ಫಾಸ್ಜೀನ್ ಅನ್ನೋ ವಿಷಗಾಳಿ ಏಳುತ್ತೆ, ಅದು ಜೀವಕ್ಕೇ ಅಪಾಯ. ಸತುವು ಲೇಪಿಸಿದ ತಗಡಾದ್ರೆ ಲೇಪ ಉಜ್ಜಿ ತೆಗೀರಿ, ಗಾಳಿ ಆಡೋ ಕಡೆ ಮಾಸ್ಕ್ ಹಾಕ್ಕೊಂಡು ಕೂರಿ. ಆ ಬಿಳಿ ಹೊಗೆ ಕುಡಿದವರಿಗೆ ಸಂಜೆ ಹೊತ್ತಿಗೆ ಚಳಿಜ್ವರ.

ಈಗ ತೇಪೆ. ಅಂಚಿಗೂ ಅಂಚಿಗೂ ನಡುವೆ ತಗಡಿನ ದಪ್ಪದಷ್ಟೇ ಸಂದು, ಹಿಂದೆ ಒಂದು ತಾಮ್ರದ ಪಟ್ಟಿ. ಟ್ರಿಗರ್ ಒತ್ತಿದ ತಕ್ಷಣ ಕರಗಿದ ಚುಕ್ಕಿ ಕೆಂಪಗೆ ಹಿಗ್ಗುತ್ತೆ, ಎರಡೂ ಅಂಚು ನೆನೆಯುತ್ತೆ. ಒಂದು ಸೆಕೆಂಡ್, ಬಿಡಿ. ಸದ್ದು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಒಂದೇ ಸಮ ಇರಬೇಕು. ಪಟ್ ಪಟ್ ಅಂತ ವೈರ್ ಕೈಗೆ ಒದೀತಿದ್ರೆ ವೈರ್ ವೇಗ ಜಾಸ್ತಿ. ತುದಿಯಲ್ಲಿ ಗುಂಡು ಕಟ್ಟಿ ಟಿಪ್‌ಗೇ ಅಂಟಿಕೊಳ್ತಿದ್ರೆ ವೇಗ ಕಡಿಮೆ. 25, 30 ಎಂಎಂಗೆ ಒಂದು ಚುಕ್ಕಿ, ಒಂದು ಇಲ್ಲಿ ಇಟ್ರೆ ಮುಂದಿನದು ಎದುರು ಮೂಲೆಗೆ. ಆಮೇಲೆ ನಡುವಿನ ಜಾಗ ತುಂಬುತ್ತಾ ಬನ್ನಿ, ತಗಡು ಕೈಗೆ ತಡೆಯೋಷ್ಟು ಆರಿದ ಮೇಲೆ. ಒಂದೇ ಉಸಿರಿಗೆ ಗೆರೆ ಎಳೆದ್ರೆ ತಗಡು ಅಲೆ ಅಲೆಯಾಗಿ ಬಾಗುತ್ತೆ, ಅದನ್ನ ವಾಪಸ್ ತರೋದು ಬೆಸುಗೆಗಿಂತ ದೊಡ್ಡ ಕೆಲಸ.

ಸ್ಟೀರಿಂಗ್, ಸಸ್ಪೆನ್ಷನ್ ಆರ್ಮ್, ವೀಲ್ ಡಿಸ್ಕ್, ಹೊಸ ಕಾರುಗಳ ನಡುಗಂಬದ ಗಡಸು ಉಕ್ಕು, ಇವುಗಳ ತಂಟೆಗೆ ಮನೆ ಮಷಿನ್ ಹೋಗಬಾರದು. ಬಿಸಿಗೆ ಆ ಉಕ್ಕಿನ ಬಲವೇ ಹೋಗುತ್ತೆ, ಹೊರಗೆ ಕಾಣೋದೂ ಇಲ್ಲ.

ಬೆಸುಗೆ ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಿ, ನೀರು ಪಕ್ಕದಲ್ಲಿರಲಿ, ಕಾರ್ಪೆಟ್ ಕೆಳಗೆ ಬಿದ್ದ ಕಿಡಿ ಹೊಗೆ ತೋರಿಸೋಕೆ ಹೊತ್ತು ತಗೊಳ್ಳುತ್ತೆ. ಆಮೇಲೆ ಹೊರಗೆ ಸತುವಿನ ಪ್ರೈಮರ್. ಸಿಲ್ ಒಳಗಡೆಗೆ ಉದ್ದ ಪೈಪಿನ ನಾಜಲ್ ತೂರಿಸಿ ಮೇಣದ ಸ್ಪ್ರೇ ಹೊಡೀರಿ. ಬೆಸುಗೆ ಹಿಂಬದಿಯ ಪೇಂಟ್ ಸುಟ್ಟುಹೋಗಿರುತ್ತೆ, ಹಾಗೇ ಬಿಟ್ರೆ ಹೊಸ ತುಕ್ಕು ಅಲ್ಲಿಂದಲೇ ಬರುತ್ತೆ.