ಎಂಜಲು ಬಿದ್ದ ಗಂಜಿಯೂ ಅಪ್ಪನ ಮುದ್ದೆಯೂ

ಈ ಎರಡು ಲೋಟ ನೋಡಿ. ಎರಡರಲ್ಲೂ ಇರುವುದು ಬೆಳಿಗ್ಗೆ ಅನ್ನ ಬಸಿದ ಗಂಜಿಯೇ. ಆರಿಸಿ, ಸ್ವಲ್ಪ ನೀರು ಬೆರೆಸಿದ್ದೇನೆ. ಬಲಗಡೆಯ ಲೋಟಕ್ಕೆ ಮಾತ್ರ ಒಂದು ಚಮಚ ಜೊಲ್ಲು ಹಾಕಿದ್ದೇನೆ. ಹೌದು, ನನ್ನದೇ. ಆ ಭಾಗ ಕಟ್ ಮಾಡಿದ್ದೇನೆ, ನೀವು ಊಟ ಮಾಡುತ್ತಾ ನೋಡುತ್ತಿರಬಹುದು.

ಕಾಲು ಗಂಟೆ ಆಯ್ತು. ಈಗ ಎರಡಕ್ಕೂ ಗಾಯಕ್ಕೆ ಹಚ್ಚುವ ಅಯೋಡಿನ್, ಒಂದೊಂದು ಹನಿ. ಎಡಗಡೆಯದು ಶಾಯಿ ಚೆಲ್ಲಿದ ಹಾಗೆ ಕಡುನೀಲಿ. ಬಲಗಡೆಯದು ನೋಡಿ, ಬರೀ ತಿಳಿ ಕಂದು! ಪಿಷ್ಟ ಇದ್ದರೆ ತಾನೇ ನೀಲಿ ಬರುವುದು.

ಪಿಷ್ಟ ಅಂದರೆ ಗ್ಲೂಕೋಸ್ ಮಣಿ ಪೋಣಿಸಿದ ಉದ್ದನೆಯ ಸರ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಆ ಸರವನ್ನು ತುಂಡು ಮಾಡುತ್ತದೆ. ಎರಡೆರಡು ಮಣಿಯ ತುಂಡಿಗೆ ಮಾಲ್ಟೋಸ್ ಅಂತ ಹೆಸರು. ಬರೀ ಚಪಾತಿಯನ್ನು ಸುಮ್ನೆ ಅಗಿಯುತ್ತಾ ಇದ್ದರೆ ಸಿಹಿಯಾಗುತ್ತದಲ್ವಾ, ಅದು ಇದೇ. ಮಂಗನಬಾವು ಬಂದರೆ ಕಿವಿಯ ಕೆಳಗೆ ಊದಿಕೊಳ್ಳುವ ಗ್ರಂಥಿ ಇದೆಯಲ್ಲ, ಈ ಕಿಣ್ವ ಜಾಸ್ತಿ ಬರುವುದು ಅಲ್ಲಿಂದ. ಜೊಲ್ಲಿಗೆ ಪಿಷ್ಟ ಕರಗುತ್ತದೆ ಅಂತ ಜರ್ಮನಿಯ ಲಾಯ್ಕ್ಸ್ ಎಂಬಾತ 1831ರಲ್ಲೇ ಬರೆದಿದ್ದ. ನಮ್ಮಜ್ಜಿಗೆ ಲಾಯ್ಕ್ಸ್ ಗೊತ್ತಿರಲಿಲ್ಲ. ಆದರೆ ಮಗು ತಿಂದ ಚಮಚವನ್ನು ರಾಗಿ ಸರಿಯ ಪಾತ್ರೆಗೆ ಅದ್ದಿದರೆ ಬೈಯುತ್ತಿದ್ದಳು, "ನೀರಾಗೋಗುತ್ತೆ" ಅಂತ. ನಿಜವಾಗಿಯೂ ನೀರಾಗುತ್ತದೆ, ಮಾಡಿ ನೋಡಿ.

ಇಲ್ಲಿ ಅಪ್ಪ ಬಂದರು. ನಮ್ಮದು ಮಂಡ್ಯ ಕಡೆ, ಮನೆಯಲ್ಲಿ ಮುದ್ದೆ ಅಗಿಯುವ ಹಾಗೇ ಇಲ್ಲ. ಸಾರಿನಲ್ಲಿ ಹೊರಳಿಸಿ ನುಂಗುವುದೇ. "ಹಂಗಾದ್ರೆ ನನ್ನ ಹೊಟ್ಟೆ ಗತಿ ಏನು?" ಅಂದರು.

ಒಳ್ಳೆ ಪ್ರಶ್ನೆ. ನುಂಗಿದ ಮುದ್ದೆಗೆ ಜೊಲ್ಲು ಮೇಲೆ ಮೇಲೆ ಸವರುತ್ತದೆ, ಅಷ್ಟೇ. ಚೆನ್ನಾಗಿ ಅಗಿದ ಅನ್ನವಾದರೆ ಜೊಲ್ಲು ಒಳಗೂ ಬೆರೆತಿರುತ್ತದೆ. ಜಠರದ ಆಮ್ಲ ಒಳಗೆ ಇಳಿಯುವ ತನಕ ಅದು ಅಲ್ಲೂ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಆಮೇಲೆ ನಿಂತುಹೋಗುತ್ತದೆ. ಹೇಗಿದ್ದರೂ ಪಿಷ್ಟದ ದೊಡ್ಡ ಪಾಲು ಜೀರ್ಣವಾಗುವುದು ಸಣ್ಣ ಕರುಳಿನಲ್ಲಿ. ಮೇದೋಜೀರಕ ಗ್ರಂಥಿ ಅಲ್ಲಿಗೆ ತನ್ನದೇ ಅಮೈಲೇಸ್ ಕಳಿಸುತ್ತದೆ. ಅಪ್ಪನ ಮುದ್ದೆ ಕರಗುವುದೂ ಅಲ್ಲೇ.

ಅಪ್ಪ ನಿರಾಳವಾದರು. ಅಮ್ಮ ಮಾತ್ರ ಬಲಗಡೆಯ ಲೋಟವನ್ನು ಅಡುಗೆಮನೆಗೆ ಸೇರಿಸುತ್ತಿಲ್ಲ. ತುಳಸಿಗೂ ಅದರಲ್ಲಿ ನೀರು ಹಾಕಬಾರದಂತೆ.