ಕಂದೀಲು ಆರಿಸುವ ದೆವ್ವ

ಕೇಳುಗರಿಗೆ ನಮಸ್ಕಾರ.

ಕುಷ್ಟಗಿ ಸೀಮೆಯ ನಮ್ಮೂರಲ್ಲಿ ಒಂದು ಹಳೇ ವಾಡೆ ಇದೆ. ಅದರಲ್ಲಿ ದೀಪ ಹಚ್ಚುವವರಿಲ್ಲದೆ ಎಷ್ಟೋ ವರ್ಷ ಆಯಿತು. ಅಣ್ಣತಮ್ಮಂದಿರು ಕೋರ್ಟಿನಲ್ಲಿದ್ದಾರೆ, ದೆವ್ವ ಒಳಗಿದೆ. ವ್ಯಾಜ್ಯದ ಮನೆಗೆ ದೆವ್ವ ಸ್ವಲ್ಪ ಬೇಗನೇ ಬರುತ್ತದೆ, ಅಲ್ವಾ?

ರಾತ್ರಿ ಅಲ್ಲಿ ಯಾರೋ ಬುಸುಗುಟ್ಟುತ್ತಾರೆ, ಚೀರುತ್ತಾರೆ ಅಂತ ಮಾತು. ಅದು ಕಣಜ ಗೂಬೆ. ಬೆಳ್ಳನೆಯ ಮುಖ, ರೆಕ್ಕೆ ಬಡಿದರೂ ಸದ್ದಿಲ್ಲ. ಕತ್ತಲಲ್ಲಿ ಎದುರಾದರೆ ನನಗೂ ಎದೆ ಝಲ್ ಅಂದೀತು. ಮಾಳಿಗೆಯ ಟಕ್ ಟಕ್ ಸದ್ದು ಜಂತಿಗಳದ್ದು. ಹಗಲೆಲ್ಲ ಕಾದ ಕಟ್ಟಿಗೆ ರಾತ್ರಿ ತಣಿಯುವಾಗ ಸುಮ್ನೆ ಇರುವುದಿಲ್ಲ.

ಹಗೇವಿನ ದೆವ್ವದ ಕತೆ ಮಾತ್ರ ಬೇರೆ. ಅದು ಮಂದಿಯನ್ನು ನಿಜವಾಗಿ ಕೊಂದಿತ್ತು.

ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕುಣಿ. ಬಾಯಿ ಒಬ್ಬರು ಇಳಿಯುವಷ್ಟೇ, ಹೊಟ್ಟೆ ಮಾತ್ರ ದೊಡ್ಡದು. ಹಿಂದೊಮ್ಮೆ ವಾಡೆಯ ಆಳೊಬ್ಬ ಮುಚ್ಚಿದ ಕಲ್ಲು ತೆಗೆದವನೇ ಇಳಿದನಂತೆ. ದನಿಯೇ ಇಲ್ಲ. ಎತ್ತಲು ಹೋದವನದೂ ದನಿಯಿಲ್ಲ. 'ಇಬ್ಬರನ್ನೂ ಅದು ಎಳಕೊಂತು' ಅನ್ನುತ್ತಿದ್ದಳು ನಮ್ಮಜ್ಜಿ.

ಮುಚ್ಚಿದ ಕುಣಿಯಲ್ಲಿ ಕಾಳೂ ಉಸಿರಾಡುತ್ತದೆ. ತೇವ ತಗುಲಿ ಬೂಷ್ಟು ಹಿಡಿದರೆ ಇನ್ನೂ ಜಾಸ್ತಿ. ಒಳಗಿನ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಗಾಳಿಗಿಂತ ಭಾರವಾದದ್ದು, ತಳದಲ್ಲೇ ಕೂರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವನು ಕೂಗುವ ಮೊದಲೇ ಕುಸಿಯುತ್ತಾನೆ.

ಅಜ್ಜಿಗೆ ಇದೆಲ್ಲ ಗೊತ್ತಿರಲಿಲ್ಲ. ಆದರೆ ನಮ್ಮ ಮನೆಯ ಹಗೇವು ತೆಗೆಸಿದ ದಿನ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಸಂಜೆ ಹಗ್ಗಕ್ಕೆ ಕಂದೀಲು ಕಟ್ಟಿ ಮೆಲ್ಲಗೆ ಇಳಿಸುತ್ತಿದ್ದಳು. ನಾನು ಬೋರಲು ಮಲಗಿ ಇಣುಕುತ್ತಿದ್ದೆ. ಕುಡಿ ಸಣ್ಣಗಾಗಿ, ಗಾಜಿನೊಳಗೇ ಮಂಕಾಗಿ, ಆರಿಹೋಗುತ್ತಿತ್ತು. ಗಾಳಿ ಒಂಚೂರೂ ಬೀಸಿರುತ್ತಿರಲಿಲ್ಲ!

'ನೋಡಿದ್ಯಾ, ಊದಿ ಆರಿಸ್ತು. ಇನ್ನಾ ಒಳಗ ಐತಿ. ಇವತ್ತು ಯಾರೂ ಇಳಿಯಂಗಿಲ್ಲ.'

ಮರುದಿನ ಮತ್ತೆ ಕಂದೀಲು. ಕುಡಿ ನೆಟ್ಟಗೆ ಉರಿದರೆ, 'ಹೋತು, ಈಗ ಇಳೀರಿ' ಅನ್ನುತ್ತಿದ್ದಳು. ನಮ್ಮ ಹಗೇವಿನಲ್ಲಿ ಯಾರಿಗೂ ಏನೂ ಆಗಲಿಲ್ಲ.

ಈಗ ನಮ್ಮದು ಮುಚ್ಚಿಹೋಗಿದೆ. ವಾಡೆಯದು ಕಸಕಡ್ಡಿಯ ಅಡಿಯಲ್ಲಿ ಹಾಗೇ ಇದೆ. ಅದರಲ್ಲಿ ನಿಧಿ ಇದೆಯೆಂದು ಹೊಸ ಸುದ್ದಿ ಬೇರೆ ಹಬ್ಬಿದೆ. ಈಗಿನ ಹುಡುಗರಿಗೆ ದೆವ್ವದ ಭಯವಿಲ್ಲ. ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡುತ್ತಾರೆ.

ಆ ಟಾರ್ಚ್ ಆರುವುದಿಲ್ಲ. ನನಗೆ ಅದರದೇ ಭಯ.